ಮಸ್ಕಿ ಕ್ಷೇತ್ರ ಮತ್ತು ಪ್ರತಾಪಗೌಡ ಪಾಟೀಲರ ಗೆಲುವು-ಸೋಲು: 2008–2023

ರಾಯಚೂರು ಜಿಲ್ಲೆಯ ರಾಜಕಾರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪಕ್ಷಗಳ ಏಳುಬೀಳಿನಿಂದ ಶುರು ಮಾಡುತ್ತಾರೆ. ಮಸ್ಕಿಯ ಮಟ್ಟಿಗೆ ಆ ದಾರಿ ಹೆಚ್ಚು ದೂರ ಸಾಗದು. ಪ್ರತಾಪಗೌಡ ಪಾಟೀಲರು ಇಲ್ಲಿ 2008ರಲ್ಲಿ ಬಿಜೆಪಿಯಿಂದ ಗೆದ್ದರು, 2013 ಮತ್ತು 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು, 2021 ಮತ್ತು 2023ರಲ್ಲಿ ಮತ್ತೆ ಬಿಜೆಪಿಯಿಂದ ನಿಂತು ಸೋತರು. ಮೊದಲ ಸಲ ಪಕ್ಷ ಬದಲಿಸಿದಾಗ ಕೈಹಿಡಿದ ಕ್ಷೇತ್ರ ಎರಡನೆಯ ಸಲ ಏಕೆ ಕೈಬಿಟ್ಟಿತು ಎಂಬುದು ಈ ಲೇಖನದ ಪ್ರಶ್ನೆ. ಪಕ್ಷಾಂತರವೊಂದೇ ಕಾರಣ ಎನ್ನುವ ಉತ್ತರ ಸಾಲದು ಎಂಬುದು ನನ್ನ ವಾದ.

ಮಸ್ಕಿ ಹಳೆಯ ಊರು, ಆದರೆ ಎಳೆಯ ಕ್ಷೇತ್ರ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಇದನ್ನು ರೂಪಿಸಲಾಯಿತು. ಮಸ್ಕಿ ಪಟ್ಟಣ ಲಿಂಗಸುಗೂರಿನದಾಗಿತ್ತು, ತುರ್ವಿಹಾಳ ಸಿಂಧನೂರಿನದು, ಪಾಮನಕಲ್ಲೂರು ಮಾನ್ವಿಯದು. ಮಸ್ಕಿ ತಾಲ್ಲೂಕು ಕೇಂದ್ರವಾಗಲು ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಅಂದರೆ ಇಲ್ಲಿ ಶಾಸಕರು ಮೊದಲು ಬಂದರು, ತಹಶೀಲ್ದಾರರು ಆಮೇಲೆ. ಮೂರು ಕಚೇರಿಗಳಿಗೆ ಅಲೆಯುತ್ತಿದ್ದ ಹಳ್ಳಿಗಳಿಗೆ ಆ ಹತ್ತು ವರ್ಷ ಒಂದೇ ಸಮಾನ ಬಾಗಿಲೆಂದರೆ ಶಾಸಕರ ಮನೆಯ ಬಾಗಿಲು. ವ್ಯಕ್ತಿನಿಷ್ಠ ಮತ ಇಲ್ಲಿ ಗಟ್ಟಿಯಾಗಿ ಬೇರೂರಿದ್ದಕ್ಕೆ ಇದು ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಅದೇ ಮರುವಿಂಗಡಣೆ ಜಿಲ್ಲೆಯ ನಾಯಕತ್ವವನ್ನೂ ಅದಲು ಬದಲು ಮಾಡಿತು. ಏಳು ಕ್ಷೇತ್ರಗಳ ಪೈಕಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾದವು. ಸಾಮಾನ್ಯವಾಗಿ ಉಳಿದದ್ದು ರಾಯಚೂರು ನಗರ ಮತ್ತು ಸಿಂಧನೂರು ಮಾತ್ರ. ಇದರ ಬೇರು 1991ರಲ್ಲಿದೆ. ಆ ವರ್ಷ ನಾಯಕ, ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಸುರಪುರ, ಗುಂತಗೋಳದಂಥ ಸಂಸ್ಥಾನಗಳ ನೆನಪು ಇನ್ನೂ ಹಸಿರಾಗಿರುವ ಈ ಸೀಮೆಯಲ್ಲಿ ಈ ಸಮುದಾಯದ ಸಂಖ್ಯಾಬಲಕ್ಕೆ ಆಗ ಶಾಸನಬದ್ಧ ರೂಪ ಸಿಕ್ಕಿತು. ಲಿಂಗಸುಗೂರಿನ ಅಮರೇಗೌಡ ಬಯ್ಯಾಪುರ 2008ರಲ್ಲಿ ನೆರೆಯ ಕುಷ್ಟಗಿಗೆ ಹೋಗಿ ಶಾಸಕರಾದರು. ಅವರು ಬಿಟ್ಟ ಸೀಮೆಯಲ್ಲಿ ಲಿಂಗಸುಗೂರಿಗೆ ಮಾನಪ್ಪ ವಜ್ಜಲ್, ಮಸ್ಕಿಗೆ ಪ್ರತಾಪಗೌಡರು ಬಂದರು.

2018ರ ಮೇ ಚುನಾವಣೆಯಲ್ಲಿ ಪ್ರತಾಪಗೌಡರಿಗೆ 60,387 ಮತ, ಬಿಜೆಪಿಯ ಬಸನಗೌಡ ತುರ್ವಿಹಾಳರಿಗೆ 60,174. ಅಂತರ ಬರೀ 213. ಒಂದು ಮತಗಟ್ಟೆಯ ಒಂದು ಸಾಲು ಆ ಕಡೆ ವಾಲಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು. ಮೇ 19ರಂದು ವಿಧಾನಸಭೆಯಲ್ಲಿ ಬಹುಮತ ಸಾಬೀತಾಗಬೇಕಿದ್ದ ಬೆಳಿಗ್ಗೆ ಕಾಂಗ್ರೆಸ್ ಪಾಳಯದಲ್ಲಿ ಕಾಣದ ಇಬ್ಬರಲ್ಲಿ ಪ್ರತಾಪಗೌಡರು ಒಬ್ಬರು, ವಿಜಯನಗರದ ಆನಂದ್ ಸಿಂಗ್ ಇನ್ನೊಬ್ಬರು. ಮಧ್ಯಾಹ್ನ ಇಬ್ಬರೂ ಬಂದು ಪ್ರಮಾಣವಚನ ಸ್ವೀಕರಿಸಿದರು. ವಿಶ್ವಾಸಮತಕ್ಕೂ ಮೊದಲೇ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವರ್ಷ ಕಳೆದು 2019ರ ಜುಲೈ 6ರಂದು ರಾಜೀನಾಮೆ ಪತ್ರ ಹಿಡಿದು ಸ್ಪೀಕರ್ ಕಚೇರಿಗೆ ಹೋದ ಮೊದಲ ತಂಡದಲ್ಲಿ ಪ್ರತಾಪಗೌಡರಿದ್ದರು.

ಈ ರಾಜೀನಾಮೆಗಳ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿನ ದಾಖಲೆಯಲ್ಲಿ ಆ ಪ್ರಕರಣ ಪ್ರತಾಪಗೌಡರ ಹೆಸರಲ್ಲೇ ಇದೆ. ರಾಜೀನಾಮೆಗಳನ್ನು ಯಾವಾಗ ತೀರ್ಮಾನಿಸಬೇಕೆಂಬುದು ಸ್ಪೀಕರ್‌ಗೆ ಬಿಟ್ಟದ್ದು, ಆದರೆ ಹದಿನೈದು ಶಾಸಕರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಬಾರದು ಎಂದು ಜುಲೈ 17ರಂದು ನ್ಯಾಯಾಲಯ ಹೇಳಿತು. 23ರಂದು ಕುಮಾರಸ್ವಾಮಿಯವರ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಉರುಳಿತು. 28ರಂದು ಸ್ಪೀಕರ್ ರಮೇಶ್ ಕುಮಾರ್ ಪ್ರತಾಪಗೌಡರೂ ಸೇರಿ ಹದಿನಾಲ್ವರನ್ನು ಅನರ್ಹಗೊಳಿಸಿದರು. ನವೆಂಬರ್ 13ರ ತೀರ್ಪು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ 2023ರವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಪಕ್ಷಾಂತರ ನಿಷೇಧ ಕಾಯ್ದೆಯ ಚರಿತ್ರೆಯಲ್ಲಿ ಈ ತೀರ್ಪಿಗೆ ದೊಡ್ಡ ಸ್ಥಾನವಿದೆ. 1985ರಲ್ಲಿ ಈ ಕಾಯ್ದೆ ಸಂವಿಧಾನದ ಹತ್ತನೇ ಅನುಸೂಚಿಯಾಗಿ ಬಂದಾಗ ಉದ್ದೇಶಿಸಿದ್ದ ಶಿಕ್ಷೆಯನ್ನು ಒಂದು ಉಪಚುನಾವಣೆ ಅಳಿಸಿಹಾಕಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು.

ಮಸ್ಕಿಗೆ ಆ ಉಪಚುನಾವಣೆಯೂ ಬೇಗ ಬರಲಿಲ್ಲ. ರಾಜ್ಯದಲ್ಲಿ ಒಟ್ಟು ತೆರವಾದ ಹದಿನೇಳು ಸ್ಥಾನಗಳಲ್ಲಿ ಹದಿನೈದಕ್ಕೆ 2019ರ ಡಿಸೆಂಬರ್ 5ರಂದು ಮತದಾನ ನಡೆಯಿತು. ಮಸ್ಕಿ ಮತ್ತು ರಾಜರಾಜೇಶ್ವರಿನಗರ ಹೊರಗುಳಿದವು, ಏಕೆಂದರೆ ಅವುಗಳ 2018ರ ಫಲಿತಾಂಶದ ಮೇಲೆ ಹೈಕೋರ್ಟಿನಲ್ಲಿ ತಕರಾರು ಅರ್ಜಿಗಳಿದ್ದವು. ಮಸ್ಕಿಯ ಅರ್ಜಿದಾರರು ತುರ್ವಿಹಾಳರೇ. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂದು ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಮಸ್ಕಿ ಇಪ್ಪತ್ತೊಂದು ತಿಂಗಳು ಶಾಸಕರಿಲ್ಲದೆ ಇತ್ತು. ಕೋವಿಡ್ ಬಂದದ್ದು ಆ ಅವಧಿಯಲ್ಲೇ. ದುಡಿಯಲು ಬೆಂಗಳೂರಿಗೆ ಗುಳೆ ಹೋಗುವ ಜನರೇ ಹೆಚ್ಚಿರುವ ಸೀಮೆಗೆ ಸದನದಲ್ಲಿ ದನಿಯಿಲ್ಲದ ಕಾಲ ಅದು. 2013ರ ಪಕ್ಷಾಂತರಕ್ಕೂ 2019ರದಕ್ಕೂ ಇರುವ ವ್ಯತ್ಯಾಸವನ್ನು ನಾನು ಇಲ್ಲಿ ಕಾಣುತ್ತೇನೆ. ಮೊದಲನೆಯದು ಸಾರ್ವತ್ರಿಕ ಚುನಾವಣೆಯ ಹೊತ್ತಿನದು, ಜನರ ಮುಂದೆ ಕೂಡಲೇ ಲೆಕ್ಕಕ್ಕೆ ಬಂತು. ಎರಡನೆಯದರಲ್ಲಿ ಕೊಟ್ಟ ಮತವೇ ನಡುದಾರಿಯಲ್ಲಿ ಕೈಬಿಟ್ಟುಹೋಯಿತು.

ಆ ಖಾಲಿ ಅವಧಿಯಲ್ಲೇ ಎದ್ದದ್ದು 5ಎ ಕಾಲುವೆಯ ಹೋರಾಟ. ಮಸ್ಕಿ ಕ್ಷೇತ್ರದ ಹೊಲಗಳಿಗೆಲ್ಲ ಒಂದೇ ಭಾಗ್ಯವಿಲ್ಲ. ತುರ್ವಿಹಾಳದ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಅಲ್ಲಿನ ಜಗಳ ಕೊನೆಭಾಗಕ್ಕೆ ನೀರು ಮುಟ್ಟುವುದಿಲ್ಲ ಎಂಬುದು. ಪಾಮನಕಲ್ಲೂರಿನ ಕಡೆ ಕಾಲುವೆಯೇ ಇಲ್ಲ, ಮಳೆ ಬಂದರೆ ತೊಗರಿ, ಸಜ್ಜೆ, ಹತ್ತಿ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯಿಂದ 5ಎ ಶಾಖಾ ಕಾಲುವೆ ತೆಗೆದು ನೀರು ಕೊಡಿ ಎಂದು ರೈತರು 2020ರ ನವೆಂಬರ್‌ನಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ಅದು ನೂರು ದಿನ ದಾಟಿತು. ಸರ್ಕಾರ ನಂದವಾಡಗಿ ಏತ ನೀರಾವರಿಯ ಕಡೆ ಕೈ ತೋರಿಸಿತು. ಪಂಪಿನ ನೀರಿಗೆ ಕರೆಂಟು ನಂಬಬೇಕು, ಕಾಲುವೆಯ ನೀರು ತಾನಾಗಿ ಹರಿಯುತ್ತದೆ ಎಂಬುದು ರೈತರ ತಿಳಿವಳಿಕೆ. ಅದು ಅನುಭವದಿಂದ ಬಂದದ್ದು, ಹಟವೆಂದು ತಳ್ಳಿಹಾಕುವಂಥದ್ದಲ್ಲ.

2021ರ ಏಪ್ರಿಲ್ 17ರ ಉಪಚುನಾವಣೆ ಅಪರೂಪದ್ದು. ಮುಖ್ಯ ಅಭ್ಯರ್ಥಿಗಳು 2018ರ ಅವರಿಬ್ಬರೇ, ಚಿಹ್ನೆಗಳು ಮಾತ್ರ ಅದಲು ಬದಲು. ತುರ್ವಿಹಾಳರು ಈಗ ಕಾಂಗ್ರೆಸ್, ಪ್ರತಾಪಗೌಡರು ಬಿಜೆಪಿ. ತುರ್ವಿಹಾಳರಿಗೆ 86,337, ಪ್ರತಾಪಗೌಡರಿಗೆ 55,731. ಅಂತರ 30,606. ಪತ್ರಿಕೆಗಳು ಇದನ್ನು ಪಕ್ಷಾಂತರಿಗೆ ಜನ ಕಲಿಸಿದ ಪಾಠವೆಂದವು. ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಚಿತ್ರ ಬರುತ್ತದೆ. ಪ್ರತಾಪಗೌಡರು 2018ಕ್ಕಿಂತ ಕಳೆದುಕೊಂಡದ್ದು 4,656 ಮತ ಮಾತ್ರ, ಎದುರಾಳಿ ಕೂಡಿಸಿಕೊಂಡದ್ದು 26,163. ಜೆಡಿಎಸ್ ಕಣದಲ್ಲಿ ಇಲ್ಲದ್ದು ಇದರಲ್ಲಿ ಒಂದು ಪಾಲು. ಉಳಿದದ್ದು ಕಾಂಗ್ರೆಸ್ಸಿನ ಹಳೆಯ ಮತವೂ ತುರ್ವಿಹಾಳರ ಸ್ವಂತ ಮತವೂ ಒಂದೇ ಡಬ್ಬಿಗೆ ಬಿದ್ದುದರಿಂದ ಆದದ್ದು ಎಂದು ನಾನು ಓದುತ್ತೇನೆ.

2023ರ ಫಲಿತಾಂಶ ಈ ಓದನ್ನು ಬಲಪಡಿಸುತ್ತದೆ. ತುರ್ವಿಹಾಳರು ಮತ್ತೆ ಗೆದ್ದರು, ಅಂತರ 13 ಸಾವಿರದ ಆಸುಪಾಸಿಗೆ ಇಳಿಯಿತು. ಪ್ರತಾಪಗೌಡರು 66 ಸಾವಿರಕ್ಕೂ ಹೆಚ್ಚು ಮತ ಪಡೆದರು, ಅಂದರೆ 2018ರಲ್ಲಿ ಗೆದ್ದಾಗಿನದಕ್ಕಿಂತ ಹೆಚ್ಚು. ಅದೇ ವರ್ಷ ಲಿಂಗಸುಗೂರಿನಲ್ಲಿ, 2008ರಲ್ಲಿ ಬಿಜೆಪಿಯಿಂದಲೂ 2013ರಲ್ಲಿ ಜೆಡಿಎಸ್‌ನಿಂದಲೂ ಗೆದ್ದಿದ್ದ ವಜ್ಜಲ್, ಬಿಜೆಪಿಗೆ ಮರಳಿ ಮೂರನೆಯ ಬಾರಿ ಶಾಸಕರಾದರು. ಸಿಂಧನೂರಿನಲ್ಲಿ ಹಂಪನಗೌಡ ಬಾದರ್ಲಿ ಗೆದ್ದರು. ಅಲ್ಲಿ 2008ರಿಂದ ವೆಂಕಟರಾವ್ ನಾಡಗೌಡ ಮತ್ತು ಬಾದರ್ಲಿ ಸರದಿಯಂತೆ ಗೆಲ್ಲುತ್ತ ಬಂದಿದ್ದಾರೆ. ಮೂರೂ ಕಡೆ ಜನ ಆರಿಸಿಕೊಳ್ಳುತ್ತಿರುವುದು ಪರಿಚಯದ ಇಬ್ಬರಲ್ಲಿ ಒಬ್ಬರನ್ನು. ಮಸ್ಕಿಯಲ್ಲಿ ಹೆಚ್ಚಿನದಾಗಿ ಸೇರಿದ್ದು ಆ ಇಪ್ಪತ್ತೊಂದು ತಿಂಗಳು ಮತ್ತು ಪಾಮನಕಲ್ಲೂರಿನ ಒಣ ಹೊಲ.