ಕುದುರೆ ದಾರಿ ಎಷ್ಟು ಉದ್ದ? ಸರಪಳಿಯಿಂದ ಜಿಪಿಎಸ್‌ವರೆಗೆ ಉತ್ತರ ಬೆಂಗಳೂರಿನ ಅಳತೆಯ ಕಥೆ

ಇವತ್ತಿನ ಎಪಿಸೋಡ್ ಒಂದು ಸಣ್ಣ ಪ್ರಶ್ನೆಯ ಬಗ್ಗೆ. ಯಲಹಂಕ ದಾಟಿ ದೇವನಹಳ್ಳಿ ಕಡೆ ಹೋದರೆ ಕುದುರೆ ಸವಾರಿ ಕಲಿಸುವ ಜಾಗಗಳು ಸಿಗ್ತವೆ. ವಾರಾಂತ್ಯದಲ್ಲಿ ಸವಾರರು ಕೆರೆ ಏರಿ, ನೀಲಗಿರಿ ತೋಪು, ಹಳೇ ಬಂಡಿದಾರಿ ಹಿಡಿದು ಒಂದು ಸುತ್ತು ಹಾಕಿ ಬರ್ತಾರೆ. ಎಲ್ಲರ ಜೇಬಲ್ಲೂ ಫೋನ್, ಫೋನಲ್ಲಿ ಜಿಪಿಎಸ್. ದಾರಿ ಒಂದೇ, ಹೊತ್ತೂ ಒಂದೇ. ಆದರೂ ವಾಪಸ್ ಬಂದು ನೋಡಿದರೆ ಒಬ್ಬೊಬ್ಬರ ಫೋನಲ್ಲಿ ಒಂದೊಂದು ಲೆಕ್ಕ! ಯಾಕೆ? ಇದಕ್ಕೆ ಉತ್ತರ ಹುಡುಕೋಕೆ ನಾವು ಇನ್ನೂರು ವರ್ಷ ಹಿಂದೆ ಹೋಗಬೇಕು.

ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳ್ತಿದ್ದರು. ಒಂದು ಹರದಾರಿ ಅಂದ್ರೆ ಸುಮಾರು 3 ಮೈಲಿ. 'ಸುಮಾರು' ಅನ್ನೋದೇ ಇಲ್ಲಿ ಮುಖ್ಯ. ಊರಿಂದ ಊರಿಗೆ ಅದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ನಡೆಯೋರಿಗೆ ಅಷ್ಟು ಸಾಕಿತ್ತು. ಆದರೆ ಸೈನ್ಯ ನಡೆಸೋರಿಗೆ, ಕಂದಾಯ ವಸೂಲಿ ಮಾಡೋರಿಗೆ ಸಾಕಾಗಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಮೈಸೂರು ಸೀಮೆಯನ್ನು ಅಳೆಯೋಕೆ ಹೊರಟರು. ಒಬ್ಬರು ಕಾಲಿನ್ ಮೆಕೆಂಜಿ, ಇನ್ನೊಬ್ಬರು ವಿಲಿಯಂ ಲ್ಯಾಂಬ್ಟನ್. ಆ ಕಾಲದ ಸರ್ವೆಗಾರರು ರಸ್ತೆ ಅಳೆಯೋಕೆ ಬಳಸುತ್ತಿದ್ದದ್ದು ಪೆರಾಂಬುಲೇಟರ್, ಅಂದರೆ ಹಿಡಿ ಇರುವ ದೊಡ್ಡ ಚಕ್ರ. ಒಬ್ಬ ಆಳು ತಳ್ಳಿಕೊಂಡು ಹೋಗ್ತಾನೆ, ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಮುಳ್ಳು ತೋರಿಸುತ್ತೆ. ಇದರ ಗುಣವೂ ದೋಷವೂ ಒಂದೇ: ಚಕ್ರ ಪ್ರತಿ ಗುಂಡಿಗೂ ಇಳಿದು, ಪ್ರತಿ ದಿಬ್ಬಕ್ಕೂ ಏರುತ್ತೆ. ಹಾಗಾಗಿ ಹಾಳು ರಸ್ತೆ ನಿಜಕ್ಕಿಂತ ಉದ್ದ ಅನ್ನಿಸುತ್ತೆ.

ಲ್ಯಾಂಬ್ಟನ್ ಬೇರೆ ದಾರಿ ಹಿಡಿದರು. ಒಂದು ನೇರ ಗೆರೆಯನ್ನು ಮಾತ್ರ ನೆಲದ ಮೇಲೆ ಅತಿ ಜಾಗ್ರತೆಯಿಂದ ಅಳೆಯೋದು. ಉಳಿದದ್ದನ್ನೆಲ್ಲ ಕೋನ ಅಳೆದು, ತ್ರಿಕೋನ ಕಟ್ಟಿ ಲೆಕ್ಕದಲ್ಲಿ ತೆಗೆಯೋದು. ಆ ಮೊದಲ ಗೆರೆ ಎಲ್ಲಿತ್ತು ಗೊತ್ತಾ? 1800ರ ಕೊನೆಯ ತಿಂಗಳುಗಳಲ್ಲಿ, ನಮ್ಮ ಬಾಣಸವಾಡಿ ಮತ್ತು ಅಗರಂ ನಡುವೆ. ಉದ್ದ ಸುಮಾರು 7.4 ಮೈಲಿ. ಉಪಕರಣ 100 ಅಡಿಯ ಉಕ್ಕಿನ ಸರಪಳಿ. ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುತ್ತಲ್ವಾ, ಅದಕ್ಕೆ.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಗೆರೆ ಅಳೆದರು. ಅಲ್ಲಿಂದ ತ್ರಿಕೋನಗಳ ಸಾಲು ಕಟ್ಟುತ್ತಾ ಬಂದು, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಸರಪಳಿ ಹಾಸಿದರು. ನಾನು ಓದಿದ್ದು ಬಿ.ಕಾಂ; ನನ್ನ ಭಾಷೆಯಲ್ಲಿ ಹೇಳೋದಾದ್ರೆ ಇದು ಲೆಕ್ಕ ಟ್ಯಾಲಿ ಮಾಡೋದು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಏಳು ಮೈಲಿಯಲ್ಲಿ ಬಂದ ವ್ಯತ್ಯಾಸ 4 ಇಂಚಿಗೂ ಕಡಿಮೆ!

ಈಗ ಉತ್ತರ ಬೆಂಗಳೂರಿಗೆ ಬರೋಣ. 1867-68ರಲ್ಲಿ ಬೆಂಗಳೂರಿನ ಗೆರೆಯನ್ನು ಹೊಸದಾಗಿ ಅಳೆದರು. ಒಂದು ತುದಿ ಇವತ್ತಿನ ಮೇಕ್ರಿ ಸರ್ಕಲ್ ಕಡೆ, ಇನ್ನೊಂದು ತುದಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ಮ್ಯಾಪ್ ತೆಗೆದು ಈ ಎರಡರ ನಡುವೆ ಗೆರೆ ಎಳೆದು ನೋಡಿ; ಆರ್‌.ಟಿ. ನಗರ, ನಾಗವಾರ, ಥಣಿಸಂದ್ರದ ಆಸುಪಾಸಿನಲ್ಲೇ ಹಾದುಹೋಗುತ್ತೆ. ಈ ಸಲ ಸರಪಳಿ ಅಲ್ಲ, ಕೋಲ್ಬಿ ಪಟ್ಟಿಗಳು. ಕಬ್ಬಿಣ ಮತ್ತು ಹಿತ್ತಾಳೆಯ ಪಟ್ಟಿಗಳನ್ನು ಜೋಡಿಸಿದ್ದರು. ಎರಡೂ ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿದರೂ ತುದಿಯ ಎರಡು ಚುಕ್ಕಿಗಳ ನಡುವಿನ 10 ಅಡಿ ಮಾತ್ರ ಬದಲಾಗದ ಹಾಗೆ ಜಾಣತನದ ಜೋಡಣೆ. ಇಂಥ ಆರು ಪಟ್ಟಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸಾಲಾಗಿ ಇಟ್ಟರೆ ಒಂದು ಸಲಕ್ಕೆ 63 ಅಡಿ. ಸುಮಾರು ಏಳು ಮೈಲಿ ಮುಗಿಸೋಕೆ ಆರುನೂರರ ಹತ್ತಿರ ಸಲ ಎತ್ತಿ ಇಡಬೇಕು!

ಆ ಕಣ್ಣೂರಿನ ವೀಕ್ಷಣಾ ಕಟ್ಟಡ ಒಂದೂವರೆ ಶತಮಾನ ನಿಂತಿತ್ತು. 2024ರಲ್ಲಿ ಅದನ್ನು ಕೆಡವಲಾಯಿತು. ಮೇಕ್ರಿ ಸರ್ಕಲ್ ಬಳಿ ಅದಕ್ಕಿಂತ ಹಳೆಯ ಕೆಂಪೇಗೌಡ ಗೋಪುರವೇನೋ ಇನ್ನೂ ಉಳಿದಿದೆ. ಗಡಿ ತೋರಿಸೋ ಗುರುತುಗಳು ಇಲ್ಲಿ ಇದ್ದಕ್ಕಿದ್ದಂತೆ ಮಾಯವಾಗ್ತವೆ ಅನ್ನೋದು ನೆನಪಿರಲಿ.

ಸರಿ, ಇನ್ನು ಜಿಪಿಎಸ್. ಇಲ್ಲೂ ತತ್ವ ಹೆಚ್ಚು ಬದಲಾಗಿಲ್ಲ. ಬೆಟ್ಟದ ತುದಿಯ ಗುರುತಿನ ಬದಲು 20,200 ಕಿಲೋಮೀಟರ್ ಎತ್ತರದ ಉಪಗ್ರಹ, ಕೋನದ ಬದಲು ಸಿಗ್ನಲ್ ಬರೋಕೆ ಹಿಡಿದ ಸಮಯ. ಮೊದಲು ಅಮೆರಿಕದ ಸೇನೆ ಸಾರ್ವಜನಿಕರ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿತ್ತು. 100 ಮೀಟರ್‌ವರೆಗೂ ಆಚೀಚೆ ಆಗ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಈಗ ಬಯಲಲ್ಲಿ ಫೋನ್ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತೆ.

ಆದರೆ ಕುದುರೆ ಮೇಲೆ ಈ 5 ಮೀಟರ್ ಆಟ ಆಡುತ್ತೆ. ಕುದುರೆ ನಡಿಗೆಯಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಎರಡು ಮೀಟರ್‌ಗೂ ಕಡಿಮೆ. ಇಟ್ಟ ಹೆಜ್ಜೆಗಿಂತ ತಪ್ಪೇ ದೊಡ್ಡದು! ನೀರು ಕುಡಿಯೋಕೆ ನಿಂತಾಗಲೂ ಚುಕ್ಕಿ ಅತ್ತಿತ್ತ ಜಿಗಿಯುತ್ತೆ, ಆಪ್ ಅದನ್ನೂ ದೂರಕ್ಕೆ ಸೇರಿಸುತ್ತೆ. ಲೆಕ್ಕ ಉದ್ದ ಆಗುತ್ತೆ, ಥೇಟ್ ಗುಂಡಿಗಿಳಿದ ಚಕ್ರದ ಹಾಗೆ. ಓಟದಲ್ಲಿ ಉಲ್ಟಾ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತು ಸೆಕೆಂಡಿಗೆ ಒಂದು ಚುಕ್ಕಿ ಅಂದ್ರೆ ಚುಕ್ಕಿಗಳ ನಡುವೆ 55 ಮೀಟರ್. ತಿರುವುಗಳೆಲ್ಲ ನೇರ ಗೆರೆ ಆಗಿ ಲೆಕ್ಕ ಕುಗ್ಗುತ್ತೆ.

ಹಾಗಾದ್ರೆ ಏನು ಮಾಡೋದು? ಹೊರಡೋ ಮೊದಲು ಬಯಲಲ್ಲಿ ಒಂದೆರಡು ನಿಮಿಷ ನಿಂತು ಸಿಗ್ನಲ್ ಗಟ್ಟಿಯಾಗಲಿ. ಸೆಕೆಂಡಿಗೊಂದು ಚುಕ್ಕಿ ಇಡಿ. ನಿಂತಾಗ ರೆಕಾರ್ಡಿಂಗ್ ನಿಲ್ಲಿಸಿ. ಫೋನ್ ಪ್ಯಾಂಟಿನ ಜೇಬಲ್ಲಿ ಬೇಡ, ಆಕಾಶ ಕಾಣೋ ಹಾಗೆ ಭುಜದ ಹತ್ತಿರ ಇರಲಿ. ಒಂದೇ ದಾರಿಯನ್ನು ಮೂರು ದಿನ ಅಳೆದು ಹೋಲಿಸಿ. ಲ್ಯಾಂಬ್ಟನ್ ಮಾಡಿದ್ದೂ ಅದನ್ನೇ ಅಲ್ವಾ, ಮತ್ತೆ ಅಳೆದು ತಾಳೆ ನೋಡಿದ್ದು.

ಇಷ್ಟೆಲ್ಲ ಯಾಕೆ ಅಂತೀರಾ? ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಗುರುತಿಸಿರ್ತಾರೆ. ರೈತರು ಅದನ್ನು ನಕಾಶೆ ದಾರಿ ಅಂತಾರೆ. ಲೇಔಟ್ ಎದ್ದಾಗ ಮೊದಲು ಮುಚ್ಚೋದು ಇದೇ ದಾರಿ. ಯಲಹಂಕ ಪಕ್ಕದ ದೊಡ್ಡಬೆಟ್ಟಹಳ್ಳಿಯ ರಾಜ್ಯ ದೂರ ಸಂವೇದಿ ಕೇಂದ್ರ ರೂಪಿಸಿದ ದಿಶಾಂಕ್ ಆಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತೆ. ಅಲ್ಲಿ 5 ಮೀಟರ್ ತಪ್ಪಿದರೆ ಊರ ದಾರಿ ಯಾರದೋ ಹೊಲದೊಳಗೆ ಬಿದ್ದಿರುತ್ತೆ. ಫೋನ್ ಗೆರೆ ಕೋರ್ಟಿನಲ್ಲಿ ನಿಲ್ಲೋ ಸಾಕ್ಷಿ ಅಲ್ಲ. ಅದಕ್ಕೆ ಸೆಂಟಿಮೀಟರ್ ಲೆಕ್ಕದ ರೋವರ್ ಹಿಡಿದ ಭೂಮಾಪಕರೇ ಬರಬೇಕು. ಆದರೆ ಇಲ್ಲೊಂದು ದಾರಿ ಇತ್ತು, ಇಂಥ ದಿನ ಜನ ಓಡಾಡಿದ್ರು ಅಂತ ಕೇಳೋಕಾದ್ರೂ ಕೈಯಲ್ಲಿ ಒಂದು ಒಳ್ಳೇ ಗೆರೆ ಬೇಕು. ಮುಂದಿನ ಸವಾರಿಯ ಫೈಲನ್ನು ಅಳಿಸಬೇಡಿ. ತಾರೀಖು ಹಾಕಿ ಇಟ್ಟುಕೊಳ್ಳಿ. ಸಿಗೋಣ.