ಒಬ್ಬನೇ ಗ್ರಾಹಕನ ಗಣಿ: ಕುದುರೆಮುಖ ಕಬ್ಬಿಣದ ಅದಿರು ಸಂಸ್ಥೆಯ ಚರಿತ್ರೆಯ ಕೆಲವು ನೆಲೆಗಳು

ಕುದುರೆಮುಖದ ಗಣಿಗಾರಿಕೆಯನ್ನು ಕುರಿತ ಕನ್ನಡದ ಬರವಣಿಗೆ ಬಹುಮಟ್ಟಿಗೆ ಅರಣ್ಯ ಮತ್ತು ಅಭಿವೃದ್ಧಿಗಳ ನಡುವಣ ಸಂಘರ್ಷದ ಕಥನವಾಗಿಯೇ ಬೆಳೆದು ಬಂದಿದೆ. ಆ ಕಥನ ಸುಳ್ಳಲ್ಲ. ಆದರೆ ಅದು ಕಥೆಯನ್ನು ಅದರ ಕೊನೆಯ ಅಂಕದಿಂದ ಆರಂಭಿಸುತ್ತದೆ ಎಂಬುದು ನಮ್ಮ ಆಕ್ಷೇಪ. ಭದ್ರೆಯ ಮೂಲದಲ್ಲಿ ಗಣಿ ತೆರೆದದ್ದೇಕೆ, ಅದೂ 1970ರ ದಶಕದ ನಡುವಿನಲ್ಲೇ ತೆರೆದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಮಲೆನಾಡಿನಲ್ಲಿ ಸಿಗುವುದಿಲ್ಲ. ಅದನ್ನು ತೆಹರಾನಿನಲ್ಲಿಯೂ ಟೋಕಿಯೋದಲ್ಲಿಯೂ ಹುಡುಕಬೇಕಾಗುತ್ತದೆ.

ಇಲ್ಲಿಯ ಅದಿರನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ 1913ರಲ್ಲಿಯೇ ಗುರುತಿಸಿದ್ದರು. ಆದರೂ ಅರ್ಧ ಶತಮಾನಕ್ಕೂ ಮಿಕ್ಕಿ ಅದನ್ನು ಯಾರೂ ಮುಟ್ಟಲಿಲ್ಲ. ಕಾರಣ ಸರಳ. ಹೊಸಪೇಟೆ, ಬೈಲಾಡಿಲಗಳ ಹೆಮಟೈಟ್ ಅದಿರಿನಲ್ಲಿ ಶೇಕಡಾ 60ಕ್ಕೂ ಹೆಚ್ಚು ಕಬ್ಬಿಣವಿದ್ದರೆ, ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಲ್ಲಿ ಇದ್ದುದು ಶೇಕಡಾ 38ರ ಆಸುಪಾಸು. ಅದನ್ನು ಹಿಟ್ಟಿನಂತೆ ಅರೆದು, ಕಾಂತಶಕ್ತಿಯಿಂದ ಬೇರ್ಪಡಿಸಿ ಸಾರೀಕರಿಸಿದರೆ ಮಾತ್ರ ಶೇಕಡಾ 67ರ ಮಟ್ಟವನ್ನು ಮುಟ್ಟಬಹುದಾಗಿತ್ತು. ಇಷ್ಟು ದುಬಾರಿ ಕೆಲಸಕ್ಕೆ ಮೊದಲೇ ನಿಶ್ಚಿತನಾದ ಗ್ರಾಹಕ ಬೇಕು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮಾರ್ಕೋನಾ ಸಂಸ್ಥೆಯೂ ಕೆಲವು ಜಪಾನೀ ಸಂಸ್ಥೆಗಳೂ ಆಸಕ್ತಿ ತೋರಿ ಪರೀಕ್ಷೆಗಳನ್ನು ನಡೆಸಿ ಹಿಂದೆ ಸರಿದವು. 1969ರಲ್ಲಿ ಆರಂಭವಾದ 30 ವರ್ಷಗಳ ಗಣಿ ಗುತ್ತಿಗೆ ಕಾಗದದ ಮೇಲೆಯೇ ಉಳಿದಿತ್ತು.

1973ರ ತೈಲ ಬಿಕ್ಕಟ್ಟು ಈ ಲೆಕ್ಕಾಚಾರವನ್ನು ತಿರುವುಮುರುವು ಮಾಡಿತು. ಭಾರತಕ್ಕೆ ತೈಲದ ವೆಚ್ಚ ಅಸಹನೀಯವಾಯಿತು. ಇರಾನಿನ ಷಾ ಪ್ರಭುತ್ವದ ಬೊಕ್ಕಸದಲ್ಲಿ ಡಾಲರು ತುಂಬಿತು. ತನ್ನ ನೈಸರ್ಗಿಕ ಅನಿಲದಿಂದಲೇ ಉಕ್ಕು ತಯಾರಿಸುವ ಹಂಬಲ ಇರಾನಿನದಾಗಿತ್ತು. ಅನಿಲಾಧಾರಿತ ನೇರ ಅಪಕರ್ಷಣ ವಿಧಾನಕ್ಕೆ ಕಲ್ಮಶ ಕಡಮೆಯಿರುವ ಅದಿರು ಅತ್ಯವಶ್ಯ. ಹೀಗೆ, ಬೇರೆಯವರಿಗೆ ಭಾರವಾಗಿದ್ದ ಸಾರೀಕರಣವೇ ಇಲ್ಲಿ ಅರ್ಹತೆಯಾಯಿತು. 1975ರ ನವೆಂಬರಿನ ಒಪ್ಪಂದದಂತೆ ಇರಾನು 63 ಕೋಟಿ ಡಾಲರ್ ಸಾಲ ಒದಗಿಸಬೇಕು, ಭಾರತವು ವರ್ಷಕ್ಕೆ 75 ಲಕ್ಷ ಟನ್ ಅದಿರುಸಾರವನ್ನು ದೀರ್ಘಕಾಲ ಪೂರೈಸಬೇಕು. 1976ರ ಏಪ್ರಿಲಿನಲ್ಲಿ ಸಂಸ್ಥೆ ಸ್ಥಾಪಿತವಾಯಿತು. ಪ್ರಮುಖ ಬಂದರೆಂದು 1974ರಲ್ಲಷ್ಟೆ ಘೋಷಿತವಾಗಿದ್ದ ನವಮಂಗಳೂರು ಬಂದರಿಗೂ ಇದರಿಂದ ಒಂದು ಆಸರೆ ದೊರೆಯಿತು.

ಮುಂದಿನ ನಾಲ್ಕು ವರ್ಷಗಳಲ್ಲಿ ನಡೆದ ನಿರ್ಮಾಣದ ವೇಗವನ್ನು ಇಂದಿಗೂ ಅಚ್ಚರಿಯಿಂದಲೇ ನೋಡಬೇಕಾಗುತ್ತದೆ. ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಣಿವೆಯಲ್ಲಿ ಮಲ್ಲೇಶ್ವರದ ಬಳಿ ಒಂದು ಪಟ್ಟಣವೇ ಎದ್ದಿತು. ನೀರಿನಲ್ಲಿ ಕಲಸಿದ ಅದಿರುಸಾರವನ್ನು ಘಟ್ಟದಿಂದ ಪಣಂಬೂರಿಗೆ ಇಳಿಸಲು 67 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಸಿದ್ಧವಾಯಿತು. ಸಂಶೋಧಕರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ: ಒಂದು ಟನ್ ಸಾರಕ್ಕೆ ಸುಮಾರು ಮೂರು ಟನ್ ಅದಿರನ್ನು ಅಗೆಯಬೇಕು; ಉಳಿದ ಎರಡು ಟನ್ ಕೆಸರಾಗಿ ಎಲ್ಲಾದರೂ ನಿಲ್ಲಬೇಕು. ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿ ಹಂತಹಂತವಾಗಿ ಸುಮಾರು 100 ಮೀಟರಿನವರೆಗೆ ಏರಿಸಲಾದ ಅಣೆಕಟ್ಟು ಈ ಅನುಪಾತದ ಫಲ. ಮುಂದೆ ನ್ಯಾಯಾಲಯದ ಮುಂದೆ ಬಂದ ಹೂಳಿನ ಪ್ರಶ್ನೆಯ ಬೇರನ್ನು ಸಂಸ್ಥೆಯ ಅಜಾಗರೂಕತೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ಅದು ಒಪ್ಪಂದ ಕೇಳಿದ ಶುದ್ಧತೆಯಲ್ಲೇ ಅಡಗಿತ್ತೆಂದು ನಾವು ಭಾವಿಸುತ್ತೇವೆ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಸುಮಾರು 25.5 ಕೋಟಿ ಡಾಲರ್ ಬಂದ ಮೇಲೆ ಸಾಲದ ಹರಿವು ನಿಂತಿತು. ಉಳಿದ ವೆಚ್ಚವನ್ನು ಭಾರತ ಸರ್ಕಾರವೇ ಹೊತ್ತುದರಿಂದ 1980ರಲ್ಲಿ ಯೋಜನೆ ಪೂರ್ಣಗೊಂಡಿತು. ಆದರೆ ಗಣಿ ಸಿದ್ಧವಾದಾಗ ಕೊಳ್ಳುವವನಿರಲಿಲ್ಲ. ಆ ವರ್ಷವೇ ಇರಾನ್–ಇರಾಕ್ ಯುದ್ಧವೂ ಆರಂಭವಾಯಿತು. ತೈಲದ ಬೆಲೆಯೇರಿಕೆಯಿಂದ ಹುಟ್ಟಿದ ಗಣಿಯು ಅದೇ ಬೆಲೆಯೇರಿಕೆ ತಂದ ಜಾಗತಿಕ ಉಕ್ಕಿನ ಹಿಂಜರಿತದಲ್ಲಿ ಮಾರುಕಟ್ಟೆಯನ್ನು ಅರಸಬೇಕಾಯಿತು. ನಯವಾದ ಹುಡಿ ಸಾಮಾನ್ಯ ಊದುಕುಲುಮೆಗೆ ನೇರವಾಗಿ ಒಗ್ಗುವುದಿಲ್ಲ. ಅದನ್ನು ಉಂಡೆ ಕಟ್ಟಿ ಸುಟ್ಟು ಪೆಲೆಟ್ಟಾಗಿಸಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಪೆಲೆಟ್ ಸ್ಥಾವರ ಕಾರ್ಯಾರಂಭ ಮಾಡಿದ್ದು 1987ರಲ್ಲಿ. ಸಂಸ್ಥೆಯನ್ನು ಒಬ್ಬ ಗ್ರಾಹಕನ ಹಂಗಿನಿಂದ ಬಿಡಿಸಿದ್ದು ಈ ಸ್ಥಾವರವೇ. ಜಪಾನು, ಚೀನಗಳಿಗೆ ಸರಕು ಹೋಯಿತು; ಮುಂದೆ ಇರಾನೇ ಪೆಲೆಟ್ಟುಗಳ ಗ್ರಾಹಕನಾಗಿ ಮರಳಿ ಬಂದಿತು. ಅದೇ 1987ರಲ್ಲಿ ರಾಜ್ಯ ಸರ್ಕಾರ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿತು. ಈ ಎರಡು ನಿರ್ಧಾರಗಳು ಒಂದೇ ವರ್ಷ ಒಂದನ್ನೊಂದು ಕಾಣದೆ ಹೊರಟವೋ ಏನೋ.

1999ರಲ್ಲಿ ಗುತ್ತಿಗೆಯ ಅವಧಿ ಮುಗಿದು ತಾತ್ಕಾಲಿಕ ವಿಸ್ತರಣೆಗಳ ಕಾಲ ಬಂತು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, ಗಣಿಗಾರಿಕೆಯನ್ನು 2005ರ ಅಂತ್ಯದೊಳಗೆ ನಿಲ್ಲಿಸುವಂತೆ ವಿಧಿಸಿತು. ಇಲ್ಲಿ ಜಾಗತಿಕ ಮಾರುಕಟ್ಟೆಯ ವಿಪರ್ಯಾಸವನ್ನು ಕಾಣಬೇಕು. ಚೀನದ ಬೇಡಿಕೆಯಿಂದಾಗಿ ಅದಿರಿನ ಅಂತರರಾಷ್ಟ್ರೀಯ ವಾರ್ಷಿಕ ಒಪ್ಪಂದದ ಬೆಲೆ 2005ರಲ್ಲಿ ಒಮ್ಮೆಲೇ ಶೇಕಡಾ 71.5ರಷ್ಟು ಏರಿತು. ಎರಡು ದಶಕ ಗ್ರಾಹಕರಿಗಾಗಿ ಅಲೆದ ಗಣಿ, ಗ್ರಾಹಕರು ಸಾಲುಗಟ್ಟಿದ ವರ್ಷದ ಕೊನೆಯ ದಿನ ಮುಚ್ಚಿತು. ತೀರ್ಪು ಈ ಬೆಲೆಗೆ ಮಣಿಯಲಿಲ್ಲವೆಂಬುದನ್ನು ನಾವು ಮೆಚ್ಚುತ್ತೇವೆ. ಆದರೆ ಅದೇ ಬೆಲೆಯೇರಿಕೆ ಬಳ್ಳಾರಿಯಲ್ಲಿ ಏನನ್ನು ಮಾಡಿತೆಂಬುದನ್ನು, 2010ರ ರಫ್ತು ನಿಷೇಧ ಹಾಗೂ 2011ರಲ್ಲಿ ನ್ಯಾಯಾಲಯ ವಿಧಿಸಿದ ತಡೆಗಳನ್ನು ಬಲ್ಲವರು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಓದಲಾರರು.

ಗಣಿಯಿಲ್ಲದ ಗಣಿ ಸಂಸ್ಥೆಯು 2006ರ ನಂತರ ಬೈಲಾಡಿಲದ ಅದಿರನ್ನು ಕೊಂಡು, ವಿಶಾಖಪಟ್ಟಣದಿಂದ ಹಡಗಿನಲ್ಲಿ ಪರ್ಯಾಯದ್ವೀಪವನ್ನು ಸುತ್ತಿಸಿ ಪಣಂಬೂರಿಗೆ ತರಿಸತೊಡಗಿತು. ಘಟ್ಟದಿಂದ ಕಡಲಿಗೆ ಇಳಿಯುತ್ತಿದ್ದ ಸರಕು ಈಗ ಕಡಲಿನಿಂದ ಬರತೊಡಗಿತು. 2009ರಲ್ಲಿ ಸಂಸ್ಥೆಯ ಹೆಸರಿನಿಂದ ಕುದುರೆಮುಖವೆಂಬ ಪದವೂ ಹೋಗಿ ಕೆಐಒಸಿಎಲ್ ಎಂಬ ಅಕ್ಷರಗಳಷ್ಟೆ ಉಳಿದವು. ಇಂತಹ ಸ್ಥಾವರಕ್ಕೆ ಲಾಭವು ಅದಿರಿನ ಬೆಲೆ, ಹಡಗಿನ ಬಾಡಿಗೆ, ಪೆಲೆಟ್ಟಿನ ಬೆಲೆ ಎಂಬ ಮೂರು ಅಲೆಗಳ ನಡುವಣ ಕಿರಿದಾದ ಅಂತರ. 2022ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಪೆಲೆಟ್ ರಫ್ತಿನ ಮೇಲೆ ಶೇಕಡಾ 45ರ ಸುಂಕ ವಿಧಿಸಿದಾಗ ಆ ಅಂತರವೇ ಇಲ್ಲವಾಯಿತು. ನವೆಂಬರಿನಲ್ಲಿ ಸುಂಕ ರದ್ದಾಯಿತು.

ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸ್ವಂತ ಗಣಿ ಪಡೆಯುವ ಯತ್ನ ಈ ಇಕ್ಕಟ್ಟಿನಿಂದ ಹುಟ್ಟಿದ್ದು. 2023ರಲ್ಲಿ ಅದಕ್ಕೆ ಗುತ್ತಿಗೆ ಪತ್ರವಾಯಿತು. 2024ರಲ್ಲಿ ರಾಜ್ಯದ ಅರಣ್ಯ ಸಚಿವರು ಭೂಮಿಯ ಹಸ್ತಾಂತರವನ್ನು ತಡೆದಾಗ ಮುಂದಿಟ್ಟ ಕಾರಣಗಳಲ್ಲಿ, ಕುದುರೆಮುಖದ ಅರಣ್ಯಹಾನಿಗಾಗಿ ತೀರಿಸದೆ ಉಳಿದ ಬಾಕಿಯೂ ಒಂದಾಗಿತ್ತು.