43 ಪೆನ್ಸಿನ ಗಡಿ: ಎರಡು ಮಹಾಯುದ್ಧಗಳು, ಬೆಳ್ಳಿ ರೂಪಾಯಿ ಮತ್ತು ಅಪರೂಪವಾದ ನೋಟುಗಳು

ನಾಣ್ಯ, ನೋಟುಗಳ ಹರಾಜಿಗೆ ಮುಂಚೆ ಲಾಟುಗಳನ್ನು ಹತ್ತಿರದಿಂದ ನೋಡಲು ಕೊಳ್ಳುವವರಿಗೆ ಅವಕಾಶ ಕೊಡುತ್ತಾರೆ. ಅಂಥ ಒಂದು ವೀಕ್ಷಣೆಯಲ್ಲಿ 1917ರ ಒಂದು ರೂಪಾಯಿ ನೋಟನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕಾಗದ. ಮೂರು ಅಂಚು ನೇರವಾಗಿವೆ, ಎಡದ ಅಂಚು ಮಾತ್ರ ಹರಿದಂತೆ ಒರಟು. ಅದು ದೋಷವಲ್ಲ. ಈ ನೋಟುಗಳನ್ನು 25ರ ಪುಸ್ತಕವಾಗಿ ಹೊಲಿದು ಕೊಡುತ್ತಿದ್ದರು. ಚೆಕ್ ಹರಿದಂತೆ ಒಂದೊಂದೇ ಹರಿದು ಕೊಡಬೇಕಿತ್ತು. ಹಿಂಬದಿಯಲ್ಲಿ ಎಂಟು ಭಾಷೆಗಳಲ್ಲಿ ಮೌಲ್ಯ ಬರೆದಿದೆ, ಅವುಗಳಲ್ಲಿ ಕನ್ನಡವೂ ಒಂದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆ ಸಂಗತಿ. ಈ ಕಾಗದದ ಮೇಲೆ ಅಚ್ಚಾಗಿರುವ ಚಿತ್ರ ಒಂದು ಬೆಳ್ಳಿ ರೂಪಾಯಿಯದು. ಬೆಳ್ಳಿ ಕೊಡಲಾಗದ ಸರಕಾರ ಬೆಳ್ಳಿಯ ಚಿತ್ರವನ್ನು ಕೊಟ್ಟಿತ್ತು.

ಹರಾಜಿನ ಕ್ಯಾಟಲಾಗಿನಲ್ಲಿ ಇಂಥ ನೋಟಿನ ಪಕ್ಕ ‘ಅಪರೂಪ’ ಎಂದಷ್ಟೇ ಬರೆದಿರುತ್ತದೆ. ಆ ಪದ ಬೆಲೆಯನ್ನು ಹೇಳುತ್ತದೆ, ಚರಿತ್ರೆಯನ್ನು ಮುಚ್ಚುತ್ತದೆ. ಬ್ರಿಟಿಷ್ ಭಾರತದ ಕೊನೆಯ ನಾಲ್ಕು ದಶಕಗಳ ಹಣವನ್ನು ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗಿ ಕಾಣುತ್ತದೆ: ಅಪರೂಪ ಎನ್ನುವುದು ಹಳತಾದ ಮಾತ್ರಕ್ಕೆ ತಾನಾಗಿ ಬರುವ ಗುಣವಲ್ಲ. ಯಾರೋ ಕರಗಿಸಿದರು, ಯಾರೋ ಹಿಂದಕ್ಕೆ ಪಡೆದರು, ಯಾರೋ ನಂಬದೆ ಮರಳಿಸಿದರು, ಹಾಗಾಗಿ ಅಪರೂಪವಾಯಿತು. ಆ ತೀರ್ಮಾನಗಳ ಬೇರು ಹುಡುಕುತ್ತ ಹೋದರೆ ಹೆಚ್ಚಿನವು ಬೆಳ್ಳಿಯ ಒಂದು ಸಣ್ಣ ಲೆಕ್ಕಕ್ಕೆ ಬಂದು ಮುಟ್ಟುತ್ತವೆ.

ರೂಪಾಯಿ ನಮ್ಮ ಹಿರಿಯರಿಗೆ ದುಡ್ಡು ಮಾತ್ರವಲ್ಲ, ತೂಕದ ಬಟ್ಟೂ ಆಗಿತ್ತು. ಹಳೆಯ ಮೈಸೂರಿನಲ್ಲಿ 24 ರೂಪಾಯಿ ತೂಕಕ್ಕೆ ಒಂದು ಕಚ್ಚಾ ಸೇರು. 1835ರ ಕಾನೂನಿನ ಪ್ರಕಾರ ರೂಪಾಯಿಯ ತೂಕ 180 ಗ್ರೇನ್, ಅಂದರೆ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಾದ್ದರಿಂದ ಶುದ್ಧ ಬೆಳ್ಳಿ 165 ಗ್ರೇನ್. 1893ರಲ್ಲಿ ಹರ್ಷಲ್ ಸಮಿತಿಯ ಸಲಹೆಯಂತೆ ಟಂಕಸಾಲೆಗಳ ಬಾಗಿಲು ಜನರ ಬೆಳ್ಳಿಗೆ ಮುಚ್ಚಿತು. ಅಲ್ಲಿಯವರೆಗೆ ಯಾರು ಬೇಕಾದರೂ ಬೆಳ್ಳಿ ಗಟ್ಟಿ ಒಪ್ಪಿಸಿ ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಅನಂತರ ರೂಪಾಯಿಯ ಮೌಲ್ಯ ನಿಂತದ್ದು ಸರಕಾರದ ಮಾತಿನ ಮೇಲೆ: ಒಂದು ರೂಪಾಯಿಗೆ 16 ಪೆನ್ಸ್, 15 ರೂಪಾಯಿಗೆ ಒಂದು ಪೌಂಡ್.

ಈಗ ಲೆಕ್ಕಕ್ಕೆ ಬರೋಣ. ಲಂಡನ್ ಮಾರುಕಟ್ಟೆಯಲ್ಲಿ ಬೆಳ್ಳಿಯ ದರ ಹೇಳುತ್ತಿದ್ದುದು ಔನ್ಸಿಗೆ, ಆ ಔನ್ಸಿನಲ್ಲಿ ಶುದ್ಧ ಬೆಳ್ಳಿ 444 ಗ್ರೇನ್. ರೂಪಾಯಿಯ 165 ಗ್ರೇನನ್ನು ಅದರಿಂದ ಭಾಗಿಸಿ 43 ಪೆನ್ಸ್ ದರದಿಂದ ಗುಣಿಸಿದರೆ ಹೆಚ್ಚೂಕಡಿಮೆ ಸರಿಯಾಗಿ 16 ಪೆನ್ಸ್ ಬರುತ್ತದೆ. ಅಂದರೆ ಬೆಳ್ಳಿ 43 ಪೆನ್ಸಿಗಿಂತ ಅಗ್ಗವಾಗಿರುವವರೆಗೆ ರೂಪಾಯಿ ನಾಣ್ಯವಾಗಿಯೇ ಲಾಭ. ದರ ಆ ಗಡಿ ದಾಟಿದ ದಿನದಿಂದ ಕರಗಿಸಿದರೆ ಲಾಭ. ಅಕ್ಕಸಾಲಿಗನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಗಡಿ ದಾಟಿದ್ದು 1917ರ ಆಗಸ್ಟಿನಲ್ಲಿ. ಸೆಪ್ಟೆಂಬರಿನಲ್ಲಿ ಬೆಳ್ಳಿ 55 ಪೆನ್ಸ್ ಮುಟ್ಟಿತು. ಅದೇ ಲೆಕ್ಕದಲ್ಲಿ ರೂಪಾಯಿಯೊಳಗಿನ ಬೆಳ್ಳಿಗೇ 20 ಪೆನ್ಸಿಗೂ ಮಿಕ್ಕ ಬೆಲೆ. ಆ ವೇಳೆಗೆ ಭಾರತದ ಸೆಣಬು, ತೊಗಲು, ಧಾನ್ಯ ಯುದ್ಧಕ್ಕೆ ಹೋಗುತ್ತಿದ್ದವು, ಮೆಸೊಪೊಟೇಮಿಯಾದಲ್ಲಿದ್ದ ಸೈನ್ಯದ ಖರ್ಚಿಗೂ ರೂಪಾಯಿಯೇ ಬೇಕಿತ್ತು. ರೈತರಿಗೂ ವ್ಯಾಪಾರಿಗಳಿಗೂ ಬಂದ ಹಣ ಮನೆಯ ಗೋಡೆ, ಗಡಿಗೆ ಸೇರುತ್ತಿತ್ತು. ಕೇಳಿದಾಗ ಬೆಳ್ಳಿ ಕೊಡುವುದಾಗಿ 1861ರ ಕಾನೂನಿನ ಬಲದಲ್ಲಿ ನೋಟು ಹೊರಡಿಸಿದ್ದ ಸರಕಾರ ಇಕ್ಕಟ್ಟಿಗೆ ಸಿಕ್ಕಿತು. 1917ರ ಜೂನಿನಲ್ಲೇ ನಾಣ್ಯ ಕರಗಿಸುವುದನ್ನು ನಿಷೇಧಿಸಿತು, ಸೆಪ್ಟೆಂಬರಿನಲ್ಲಿ ಖಾಸಗಿಯವರು ಬೆಳ್ಳಿ ತರಿಸುವುದನ್ನೂ ನಿಲ್ಲಿಸಿತು. ಅದೇ ವರ್ಷ ನವೆಂಬರ್ 30ರಂದು ಹೊರಬಂದದ್ದೇ ಆ ಒಂದು ರೂಪಾಯಿ ನೋಟು.

ಅದರ ಬೆನ್ನಿಗೇ ಎರಡು ರೂಪಾಯಿ ಎಂಟಾಣೆಯ ನೋಟೂ ಬಂತು. ಇಂದು ಸಂಗ್ರಾಹಕರು ಬೆನ್ನುಹತ್ತುವ ನೋಟುಗಳಲ್ಲಿ ಅದಕ್ಕೆ ಮುಂದಿನ ಸಾಲು. ಎರಡೂವರೆ ರೂಪಾಯಿ ಎಂದರೆ ವಿಚಿತ್ರವೆನಿಸುತ್ತದೆ, ಆದರೆ ಅಂದಿನ ಮೂಲ ದರದಲ್ಲಿ ಇಂಥ ಆರು ನೋಟು ಸೇರಿದರೆ ಸರಿಯಾಗಿ ಒಂದು ಪೌಂಡ್. ಈ ಎರಡು ಸಣ್ಣ ನೋಟುಗಳ ಮೇಲೆಯೇ ಭಾರತದ ಕಾಗದದ ಹಣದಲ್ಲಿ ದೊರೆ ಐದನೇ ಜಾರ್ಜ್‌ನ ಮುಖ ಮೊದಲು ಕಾಣಿಸಿಕೊಂಡದ್ದು. ಗಬ್ಬೆ, ಮೆಕ್‌ವಾಟರ್ಸ್, ಡೆನ್ನಿಂಗ್ ಎಂಬ ಮೂವರು ಅಧಿಕಾರಿಗಳ ಸಹಿಗಳು ಒಂದು ರೂಪಾಯಿ ನೋಟುಗಳ ಮೇಲೆ ಸಿಗುತ್ತವೆ. ಯಾರ ಸಹಿ, ನೋಟು ಹೊರಡಿಸಿದ ಯಾವ ವೃತ್ತದ (ವಲಯದ) ಗುರುತಿನ ಅಕ್ಷರ ಎಂಬುದರ ಮೇಲೆ ಹರಾಜಿನ ಬೆಲೆ ಏರಿಳಿಯುತ್ತದೆ.

ಜನ ನೋಟನ್ನು ಸುಲಭವಾಗಿ ಒಪ್ಪಲಿಲ್ಲ. ಹಲವು ಕಡೆ ಅದಕ್ಕೆ ವಟ್ಟ ಹಿಡಿದೇ ಚಿಲ್ಲರೆ ಕೊಡುತ್ತಿದ್ದರು. ಇದನ್ನು ಹಳ್ಳಿಗರ ಅಜ್ಞಾನವೆಂದು ಬರೆಯುವ ರೂಢಿ ನಮ್ಮಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಕೈಯಲ್ಲಿದ್ದ ಬೆಳ್ಳಿಗೆ 20 ಪೆನ್ಸ್ ಬೆಲೆಯಿತ್ತು. ಅದರ ಚಿತ್ರಕ್ಕೆ ಅಷ್ಟೇ ಬೆಲೆ ಕಟ್ಟದವನು ಲೆಕ್ಕ ಬಲ್ಲವನೇ. ಮಳೆಗೆ ನೆನೆಯುವ, ಗೆದ್ದಲು ತಿನ್ನುವ, ಮಡಿಸಿದಲ್ಲಿ ಹರಿಯುವ ಕಾಗದ ಹೊಲದಲ್ಲಿ ದುಡಿಯುವವನ ಸೊಂಟದ ಗಂಟಿನಲ್ಲಿ ಎಷ್ಟು ದಿನ ಬಾಳೀತು? ಬದಲಿಸಲು ಅವಕಾಶ ಸಿಕ್ಕಾಗಲೆಲ್ಲ ಜನ ಬದಲಿಸಿಕೊಂಡರು. ಮುದ್ರಣದ ಖರ್ಚಿಗೆ ಪ್ರಯೋಜನ ಸಾಲದೆಂದು ಸರಕಾರವೂ 1926ರ ಜನವರಿ 1ರಿಂದ ಈ ನೋಟುಗಳನ್ನು ಹೊರಡಿಸುವುದನ್ನು ನಿಲ್ಲಿಸಿತು. 25 ನೋಟುಗಳೂ ಹರಿಯದೆ ಉಳಿದ ಪುಸ್ತಕವೊಂದು ಇಂದು ಹರಾಜಿಗೆ ಬಂದರೆ ಸುದ್ದಿಯಾಗುವುದು ಇದರಿಂದಲೇ. ಹರಿದು ಕೊಡುವುದಕ್ಕೆಂದೇ ಹೊಲಿದ ಪುಸ್ತಕವನ್ನು ಯಾರು ಇಡಿಯಾಗಿ ಉಳಿಸುತ್ತಾರೆ?

ಕಾಗದದಿಂದ ಕೊರತೆ ತುಂಬಲಿಲ್ಲ. 1918ರಲ್ಲಿ ಮುಂಬಯಿ ಟಂಕಸಾಲೆಯಲ್ಲಿ 15 ರೂಪಾಯಿಯ ಚಿನ್ನದ ಮೊಹರು ಹೊಡೆದರು, ಸುಮಾರು 21 ಲಕ್ಷ. ಅದರ ಹಿಂದೆಯೇ ಲಂಡನ್ನಿನ ರಾಯಲ್ ಮಿಂಟಿನ ಶಾಖೆಯಾಗಿ ‘ಐ’ ಅಕ್ಷರದ ಗುರುತಿನ ಸವರನ್ ಸುಮಾರು 13 ಲಕ್ಷ. ಎರಡೂ ಒಂದೇ ಗಾತ್ರ, ಒಂದೇ ಚಿನ್ನ. ಎರಡಾಣೆ, ನಾಲ್ಕಾಣೆ, ಎಂಟಾಣೆಗಳು ತಾಮ್ರ-ನಿಕ್ಕಲಿಗೆ ತಿರುಗಿದವು. ಎಂಟಾಣೆಗೆ ಬೇಗನೆ ಖೋಟಾ ಹುಟ್ಟಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ನಿಜವಾದ ನೆರವು ಬಂದದ್ದು ಅಮೆರಿಕದಿಂದ. 1918ರ ಏಪ್ರಿಲ್ 23ರ ಪಿಟ್‌ಮನ್ ಕಾನೂನಿನಡಿ ಅಲ್ಲಿಯ ಖಜಾನೆ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅವುಗಳಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಬ್ರಿಟಿಷರ ಮೂಲಕ ಭಾರತಕ್ಕೆ, 20 ಕೋಟಿ ಔನ್ಸ್. ಕಲ್ಕತ್ತ, ಮುಂಬಯಿಗಳ ಅಚ್ಚುಗಳ ಕೆಳಗೆ ಅಮೆರಿಕದ ಡಾಲರು ಭಾರತದ ರೂಪಾಯಿಯಾಯಿತು. ನಮ್ಮ ಅಜ್ಜಿಯರ ಸಂದೂಕಗಳಲ್ಲಿ, ಕಾಸಿನ ಸರಗಳಲ್ಲಿ 1918, 1919ರ ರೂಪಾಯಿಗಳೇ ಹೆಚ್ಚು ಸಿಗುವುದಕ್ಕೆ ಇದೇ ಕಾರಣ. ಹರಾಜಿನಲ್ಲಿ ಅವಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗದು. ಅತ್ತ ಅಮೆರಿಕದಲ್ಲಿ ಹಳೆಯ ಮಾರ್ಗನ್ ಡಾಲರುಗಳ ಎಷ್ಟೋ ವರ್ಷಗಳ ಅಚ್ಚು ಕುಲುಮೆಗೆ ಹೋಯಿತು. ಯಾವ ವರ್ಷದ್ದು ಎಷ್ಟು ಕರಗಿತೆಂಬ ಲೆಕ್ಕವನ್ನೂ ಯಾರೂ ಇಟ್ಟಿರಲಿಲ್ಲ. ನಮ್ಮ ನಾಣ್ಯ ಅಗ್ಗವಾಗಿರುವುದೂ ಅವರದು ದುರ್ಲಭವಾದುದೂ ಒಂದೇ ಕುಲುಮೆಯಲ್ಲಿ ನಡೆದ ಕೆಲಸ.

ಅದೇ ಬೇಸಿಗೆ, 1918ರ ಜುಲೈ 2ರಂದು, ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ‘ಶಿರಾಲಾ’ ಎಂಬ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಹಡಗಿನಲ್ಲಿ ಮದ್ದುಗುಂಡು, ಹಣ್ಣಿನ ಮುರಬ್ಬ, ಜೊತೆಗೆ ಭಾರತಕ್ಕೆಂದು ಮುದ್ರಿಸಿದ ನೋಟುಗಳ ಕಟ್ಟುಗಳಿದ್ದವು: ಸಹಿ ಬೀಳದ ಐದು, ಹತ್ತು ರೂಪಾಯಿಗಳವು, ಸಹಿ ಬಿದ್ದ ಒಂದು ರೂಪಾಯಿಗಳವು. ಕಟ್ಟುಗಳು ತೇಲಿ ದಡ ಸೇರಿದವು. ಸಿಕ್ಕಿದ್ದನ್ನೆಲ್ಲ ವಶಪಡಿಸಿಕೊಂಡು ನಾಶಮಾಡಿದರೂ ಕೆಲವು ಜನರ ಬಳಿ ಉಳಿದವು. ಅಂಥ ಹತ್ತು ರೂಪಾಯಿಯ ಎರಡು ನೋಟುಗಳು 2024ರಲ್ಲಿ ಲಂಡನ್ನಿನ ನೂನನ್ಸ್ ಹರಾಜಿಗೆ ಬಂದವು. ಅವುಗಳ ಮೇಲೆ ಇದ್ದ ತಾರೀಖು 25 ಮೇ 1918. ಯಾವ ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಕಾಣದ, ಒಂದು ಸೇರು ಅಕ್ಕಿಯನ್ನೂ ಕೊಳ್ಳದ ಹಣ ಅದು.

ಮೈಸೂರು ಸಂಸ್ಥಾನಕ್ಕೆ ಈ ಬಿಕ್ಕಟ್ಟಿನಲ್ಲಿ ಸ್ವಂತ ದಾರಿ ಇರಲಿಲ್ಲ. ಮೈಸೂರಿನಿಂದ 1833ರಲ್ಲಿ ಬೆಂಗಳೂರಿಗೆ ಬಂದಿದ್ದ ಟಂಕಸಾಲೆ 1843ರಲ್ಲೇ ಮುಚ್ಚಿತ್ತು. ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆಸಿಕೊಂಡ ಮುಮ್ಮಡಿ ಕೃಷ್ಣರಾಜರ ತಾಮ್ರದ ಕಾಸುಗಳು ಆಗಲೇ ಹಳೆಯ ಕಥೆ. ಕಲಬುರಗಿ, ರಾಯಚೂರು, ಬೀದರ್‌ಗಳ ಕನ್ನಡಿಗರ ಅನುಭವ ಬೇರೆ. ಅಲ್ಲಿ ನಡೆಯುತ್ತಿದ್ದುದು ನಿಜಾಮನ ಹಾಲಿ ಸಿಕ್ಕಾ, ಚಾರ್‌ಮಿನಾರಿನ ಚಿತ್ರದ ರೂಪಾಯಿ. ಅದೇ ಬೆಳ್ಳಿಯ ಬರದಲ್ಲಿ ಹೈದರಾಬಾದು 1918ರಲ್ಲಿ ತನ್ನದೇ ಕಾನೂನು ಮಾಡಿ ಸ್ವಂತ ನೋಟು ಹೊರಡಿಸಿತು. ಲಂಡನ್ನಿನ ವಾಟರ್ಲೋ ಕಂಪನಿಯಲ್ಲಿ ಮುದ್ರಣ. ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡದಲ್ಲೂ ಮೌಲ್ಯ. ಅದರ ಒಂದು ರೂಪಾಯಿ, ಸಾವಿರ ರೂಪಾಯಿ ನೋಟುಗಳು ಇಂದು ಹರಾಜಿನಲ್ಲಿ ಅತಿ ದುರ್ಲಭ. ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಏಳು ಹಾಲಿಗೆ ಆರು ಭಾರತದ ರೂಪಾಯಿಯಂತೆ ಬದಲಿಸಿಕೊಟ್ಟು 1959ರ ಹೊತ್ತಿಗೆ ಅದನ್ನು ಪೂರ್ತಿ ಮುಗಿಸಿದರು. ಕನ್ನಡ ಹಣದ ಚರಿತ್ರೆ ಎಂದಾಗ ನಾವು ಗಂಗರ ಆನೆಯಿಂದ ಕಂಠೀರಾಯ ಹಣಕ್ಕೆ ಬಂದು ನಿಂತುಬಿಡುತ್ತೇವೆ. ಕನ್ನಡ ಲಿಪಿ ಹೊತ್ತ ಈ ಹೈದರಾಬಾದಿನ ಕಾಗದಗಳಿಗೆ ಅಲ್ಲಿ ಜಾಗ ಸಿಗಲೇಬೇಕು.

ಬೆಳ್ಳಿಯ ಲೆಕ್ಕಕ್ಕೆ ಸಂಬಂಧವೇ ಇಲ್ಲದೆ ದುರ್ಲಭವಾದ ನಾಣ್ಯವೂ ಉಂಟು. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೆ ಒಂದು ಸಣ್ಣ ಆನೆಯಿದೆ. ಭೂತಗನ್ನಡಿ ಹಿಡಿದು ನೋಡಿದರೂ ಸೊಂಡಿಲು ಮೊಂಡಾಗಿ, ಕಾಲು ಗಿಡ್ಡಾಗಿ, ಹಂದಿಯಂತೆಯೇ ತೋರುತ್ತದೆ. ಮುಸ್ಲಿಮರಿಗೆ ಇದು ಅಸಹ್ಯವಾಯಿತು. ಹೊಡೆದ ಸುಮಾರು 94 ಲಕ್ಷದಲ್ಲಿ ಚಲಾವಣೆಗೆ ಹೋದದ್ದು 7 ಲಕ್ಷದಷ್ಟು ಮಾತ್ರ, ಉಳಿದದ್ದು ಕುಲುಮೆಗೆ. 1912ರ ರೂಪಾಯಿಯಲ್ಲಿ ಸೊಂಡಿಲು ತಿದ್ದಿದ ಆನೆ ಬಂತು. ಸಂಗ್ರಾಹಕರ ಬಾಯಲ್ಲಿ 1911ರದು ಇಂದಿಗೂ ‘ಹಂದಿ ರೂಪಾಯಿ’.

ಎರಡನೇ ಮಹಾಯುದ್ಧದಲ್ಲಿ ಹಳೆಯ ಕಥೆ ಹೊಸದಾಗಿ ನಡೆಯಿತು. 1940ರ ಜೂನಿನಲ್ಲಿ ಫ್ರಾನ್ಸ್ ಬಿದ್ದ ಸುದ್ದಿ ಬರುತ್ತಿದ್ದಂತೆ ಜನ ಬೆಳ್ಳಿ ರೂಪಾಯಿಗಳನ್ನು ಅಡಗಿಸಿಟ್ಟರು. ಆಗಸ್ಟಿನಲ್ಲಿ ಒಂದು ರೂಪಾಯಿ ನೋಟು ಮರಳಿ ಬಂತು. ಮೊದಲು ಹೊರಬಿದ್ದವು 1935ರ ತಾರೀಖು ಹೊತ್ತವು, ಅವುಗಳ ಮೇಲಿನ ದೊರೆ ಐದನೇ ಜಾರ್ಜ್ ತೀರಿಕೊಂಡು ನಾಲ್ಕು ವರ್ಷ ಮೀರಿತ್ತು. ಈ ಸಲ ಸರಕಾರ ಎಚ್ಚರ ವಹಿಸಿತ್ತು. ಒಂದು ರೂಪಾಯಿ ನೋಟಿಗೆ ನಾಣ್ಯದ ಸ್ಥಾನವನ್ನೇ ಕೊಟ್ಟಿತು. ಅದನ್ನು ತಂದು ಬೆಳ್ಳಿ ಕೇಳುವಂತಿಲ್ಲ, ಅದೇ ರೂಪಾಯಿ. ಒಂದು ರೂಪಾಯಿ ನೋಟಿನ ಮೇಲೆ ಇವತ್ತೂ ರಿಸರ್ವ್ ಬ್ಯಾಂಕ್ ಗವರ್ನರರ ಸಹಿ ಇಲ್ಲದೆ ಹಣಕಾಸು ಕಾರ್ಯದರ್ಶಿಗಳ ಸಹಿ ಇರುವುದು ಆ ಯುದ್ಧಕಾಲದ ತೀರ್ಮಾನದ ಮುಂದುವರಿಕೆ. ನಾಣ್ಯದ ಬೆಳ್ಳಿ ಅರ್ಧಕ್ಕೆ ಇಳಿಯಿತು, ಖೋಟಾ ತಡೆಯಲು ಅಂಚಿಗೆ ಗುಪ್ತ ಗೀರು ಬಂತು. ಅಮೆರಿಕ ಮತ್ತೆ 22.6 ಕೋಟಿ ಔನ್ಸ್ ಬೆಳ್ಳಿ ಕೊಟ್ಟಿತು, ಆದರೆ ಈ ಸಲ ಸಾಲವಾಗಿ. 1957ರಲ್ಲಿ ಸ್ವತಂತ್ರ ಭಾರತ ಅದನ್ನು ತೀರಿಸಬೇಕಾಯಿತು. ತೀರಿಸುವ ಬೆಳ್ಳಿಗಾಗಿ ಹಳೆಯ ರೂಪಾಯಿಗಳು ಕರಗಿದವು.

ಹೀಗೆ ಕರಗಿಹೋದ ಸಾಲಿನಲ್ಲಿ ಕೊನೆಯದು ಆರನೇ ಜಾರ್ಜ್‌ನ 1939ರ ರೂಪಾಯಿ, ಹಳೆಯ ಪ್ರಮಾಣದ ಬೆಳ್ಳಿ ಹೊತ್ತ ಕಡೆಯ ರೂಪಾಯಿ. ಉಳಿದವು ಎಷ್ಟು ಕಡಿಮೆಯೆಂದರೆ, ಹರಾಜಿಗೆ ಬಂದದ್ದರ ಮೇಲೆ ಮೊದಲು ಸಂಶಯಪಡುವುದೇ ಪದ್ಧತಿಯಾಗಿದೆ. ಹೇರಳವಾಗಿ ಸಿಗುವ 1938ರ ರೂಪಾಯಿ ಎಲ್ಲ ರೀತಿಯಲ್ಲೂ ಅದರ ಅವಳಿ, ವ್ಯತ್ಯಾಸ ಒಂದೇ ಅಂಕೆ. ಎಂಟನ್ನು ಕೆತ್ತಿ ಒಂಬತ್ತು ಮಾಡಿದ ನಾಣ್ಯವನ್ನು ನನಗೊಮ್ಮೆ ಅನುಭವಿಯೊಬ್ಬರು ತೋರಿಸಿದರು. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಉಳಿದ ಮೂರು ಅಂಕೆಗಳ ಅಂಚು ಬಳಸಿ ಸವೆದು ದುಂಡಾಗಿದ್ದವು. ಒಂಬತ್ತರ ಕೆಳಬಾಲ ಮಾತ್ರ ಚೂಪಾಗಿ ನಿಂತಿತ್ತು, ಅದರ ಎಡಕ್ಕೆ ಉಳಿಯ ತುದಿ ಬೆಳ್ಳಿಯನ್ನು ಕೆರೆದು ತೆಗೆದ ಜಾಗದಲ್ಲಿ ಕೂದಲೆಳೆಯಷ್ಟು ತಗ್ಗು ಇತ್ತು.